ನಗರ ಛಾಯಾಗ್ರಾಹಕ ಮೀಮಾಂಸೆ, ಅಥವಾ ಬಾಕಿತತ್ತ್ವ ವಿಚಾರ

ಶಾಸ್ತ್ರಗ್ರಂಥವೆಂದ ಮೇಲೆ ಲಕ್ಷಣದಿಂದಲೇ ಆರಂಭಿಸಬೇಕು. ‘ಕೊರಳಲ್ಲಿ ಕ್ಯಾಮೆರಾ ಉಳ್ಳವನೇ ಛಾಯಾಗ್ರಾಹಕ’ ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಈ ಲಕ್ಷಣ ಅರ್ಧ ಐಟಿ ಉದ್ಯಮಕ್ಕೇ ಅನ್ವಯಿಸಿಬಿಡುತ್ತದೆ. ‘ಸ್ಟುಡಿಯೊ ಉಳ್ಳವನು’ ಎಂದರೆ ಅವ್ಯಾಪ್ತಿ. ಬಹುಪಾಲು ಜನರ ಸ್ಟುಡಿಯೊ ಅವರ ಸ್ಕೂಟರಿನ ಡಿಕ್ಕಿಯಲ್ಲಿದೆ. ‘ಫೋಟೊ ತೆಗೆದು ಕೂಡಲೇ ಹಣ ಪಡೆಯುವವನು’ ಎಂದರಂತೂ ಅಸಂಭವ ದೋಷ. ಲಕ್ಷ್ಯದಲ್ಲಿ ಎಲ್ಲಿಯೂ ಕಾಣದ ಗುಣವನ್ನು ಹೇಳಿದಂತಾಯಿತು. ಹಾಗಾಗಿ ಪ್ರಸ್ತುತ ಗ್ರಂಥಕಾರನ ಸಿದ್ಧಾಂತ ಇಷ್ಟು: ಯಾವನಿಗೆ ಸದಾ ಯಾರಿಂದಲೋ ಬಾಕಿ ಬರಬೇಕಾಗಿರುತ್ತದೆಯೋ, ಅದನ್ನು ಕೇಳಲು ಯಾವನು ಸಂಕೋಚಪಡುತ್ತಾನೋ, ಅವನೇ ಬೆಂಗಳೂರಿನ ಸ್ವತಂತ್ರ ಛಾಯಾಗ್ರಾಹಕ. ದಿನಸಿ ಅಂಗಡಿಯವರಿಗೂ ಬಾಕಿ ಬರಬೇಕಿರುತ್ತದಲ್ಲ ಎಂಬುದು ಪೂರ್ವಪಕ್ಷ. ಅವರು ಸಂಕೋಚಪಡುವುದಿಲ್ಲ ಎಂಬುದು ಸಮಾಧಾನ.

ಇನ್ನು ಇತಿಹಾಸ. 1839ರ ಆಗಸ್ಟ್ 19ರಂದು ಫ್ರಾನ್ಸಿನ ಸರಕಾರ ದಾಗೆರ್ ಎಂಬಾತನ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಿತು. ಬದಲಿಗೆ ಅವನಿಗೆ ಜೀವಮಾನವಿಡೀ ಪಿಂಚಣಿ ಕೊಟ್ಟಿತು. ಛಾಯಾಗ್ರಹಣದಿಂದ ತಪ್ಪದೆ ಹಣ ಬರುವ ಪರಂಪರೆ ಹೀಗೆ ಆರಂಭವಾಗಿ ಬಹುಮಟ್ಟಿಗೆ ಅವನೊಂದಿಗೇ ಮುಗಿಯಿತು. ನಮ್ಮ ಕಡೆ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ಬಹುಕಾಲ ಯಾರ ಹಾಜರಿ ಪುಸ್ತಕಕ್ಕೂ ಸಿಕ್ಕಿಬೀಳದೆ ದೇಶವೆಲ್ಲ ತಿರುಗಿದರು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೆ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಪಡೆದರು. ಈ ಒಂದು ನಿದರ್ಶನವನ್ನು ಮುಂದಿಟ್ಟು ಇಂಜಿನಿಯರಿಂಗ್ ಕೆಲಸ ಬಿಡಲು ಮನೆಯಲ್ಲಿ ಅಪ್ಪಣೆ ಕೇಳುವುದು ಇಂದಿಗೂ ಸಂಪ್ರದಾಯ. ‘ಪದ್ಮಶ್ರೀ ಇರಲಿ ಕಣೋ, ಇಎಂಐ ಯಾರು ಕಟ್ತಾರೆ?’ ಎಂದು ಅಪ್ಪ ಕೇಳುವುದೂ ಸಂಪ್ರದಾಯವೇ.

ಈ ಜೀವಿಯ ಕಾಲಮಾನ ವಿಶಿಷ್ಟವಾದುದು. ಪುರೋಹಿತರನ್ನು ಬಿಟ್ಟರೆ ಒಂಟಿಕೊಪ್ಪಲ್ ಪಂಚಾಂಗವನ್ನು ಅಷ್ಟು ಶ್ರದ್ಧೆಯಿಂದ ಪಾರಾಯಣ ಮಾಡುವವನು ಇವನೊಬ್ಬನೇ. ವೈಶಾಖದಲ್ಲಿ ಒಂದೇ ಮುಹೂರ್ತಕ್ಕೆ ಮೂರು ಛತ್ರಗಳಿಂದ ಕರೆ ಬರುತ್ತದೆ. ಆಷಾಢದಲ್ಲಿ ಕರೆ ಬರುವುದು ಬ್ಯಾಂಕಿನಿಂದ, ಲೆನ್ಸಿನ ಕಂತಿಗಾಗಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ದೇವರಿಗೆ ಹುಗ್ಗಿ, ಇವನಿಗೆ ಕಂಪನಿಗಳ ಆನ್ಯುಯಲ್ ಡೇ.

ಮದುವೆ ಛಾಯಾಗ್ರಹಣದಲ್ಲಿ ಎರಡು ಪಂಥಗಳಿವೆ: ಟ್ರೆಡಿಷನಲ್ ಮತ್ತು ಕ್ಯಾಂಡಿಡ್. ಇವು ಕ್ರಮವಾಗಿ ನವೋದಯ ಮತ್ತು ನವ್ಯ ಎಂಬುದನ್ನು ನಮ್ಮ ವಿಮರ್ಶಕರು ಇನ್ನೂ ಗುರುತಿಸದಿರುವುದು ವಿಷಾದದ ಸಂಗತಿ. ನವೋದಯದವನು ಫ್ಲ್ಯಾಶ್ ಹೊಡೆದು ಮೂಲೆಮೂಲೆಗೂ ಬೆಳಕು ತುಂಬುತ್ತಾನೆ. ಅವನ ಚಿತ್ರದಲ್ಲಿ ವಧೂವರರು, ಅವರ ಹಿಂದೆ ಎರಡೂ ಕುಲಗಳು, ಅದರ ಹಿಂದೆ ಥರ್ಮಾಕೋಲಿನ ಗಣಪತಿ, ಎಲ್ಲವೂ ಒಂದೇ ಸಮ ಸ್ಪಷ್ಟ. ಜಗತ್ತು ಮಂಗಳಮಯ, ಸರ್ವರೂ ಕ್ಯಾಮೆರಾ ನೋಡುತ್ತಿದ್ದಾರೆ. ನವ್ಯದವನು 85 ಮಿಲಿಮೀಟರ್ ಲೆನ್ಸನ್ನು ಎಫ್ 1.4ಕ್ಕೆ ತೆರೆದು ವಧುವಿನ ಒಂದು ಕಣ್ಣಿಗಷ್ಟೇ ಫೋಕಸ್ ಇಡುತ್ತಾನೆ. ಉಳಿದ ಸಮಾಜವೆಲ್ಲ ಮಸುಕು. ಏಕಾಕಿಯಾದ ಆಕೆ ಕಿಟಕಿಯಾಚೆ ದಿಟ್ಟಿಸುತ್ತಿರುತ್ತಾಳೆ; ಆಚೆ ನಿಂತಿರುವುದು ಅಡುಗೆಯವರ ಟೆಂಪೊ ಎಂಬುದು ಸಹೃದಯನಿಗೆ ತಿಳಿಯಬಾರದು. ಮಸುಕಿನಲ್ಲಿ ಕರಗಿಹೋದ ಸೋದರಮಾವ ಆಲ್ಬಂ ತಿರುವಿ, ‘ಇಡೀ ಮದುವೆ ಓಡಾಡ್ದೋನು ನಾನು, ನಾನೆಲ್ರೀ ಇದ್ರಲ್ಲಿ?’ ಎಂದು ಕೇಳಿದ ಕ್ಷಣದಿಂದ ಬಂಡಾಯ ಶುರು. ಅದಕ್ಕೇ ಒಂದೇ ಪ್ಯಾಕೇಜಿನಲ್ಲಿ ಇಬ್ಬರನ್ನೂ ಕಳಿಸುವ ಸಮನ್ವಯ ಮಾರ್ಗ ಈಗ ರೂಢಿಯಾಗಿದೆ. ಇಬ್ಬರೂ ಒಬ್ಬರ ಫ್ರೇಮಿಗೆ ಇನ್ನೊಬ್ಬರು ಅಡ್ಡ ಬರುತ್ತಾರೆ. ಅದೂ ಸಾಹಿತ್ಯಚರಿತ್ರೆಗೆ ಹೊರತಲ್ಲ.

ಅರುಂಧತೀ ದರ್ಶನದ ವಿಷಯದಲ್ಲಿ ಮಾತ್ರ ಎರಡೂ ಪಂಥಗಳು ಒಂದಾಗುತ್ತವೆ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕ ಅಂಟಿಕೊಂಡಂತಿರುವ ಈ ಮಂಕು ನಕ್ಷತ್ರವನ್ನು ಬೆಂಗಳೂರಿನಲ್ಲಿ ರಾತ್ರಿಯೇ ಹುಡುಕುವುದು ಕಷ್ಟ; ಮುಹೂರ್ತ ಮುಗಿದ ಮೇಲೆ ಬೆಳಿಗ್ಗೆ ಹತ್ತೂವರೆಗೆ ಹುಡುಕುವ ಪ್ರಶ್ನೆಯೇ ಇಲ್ಲ. ಹೊರಗೆ ಬಿಸಿಲು ಎಂಬ ಕಾರಣಕ್ಕೆ ಪುರೋಹಿತರು ದಂಪತಿಯನ್ನು ಬಾಗಿಲವರೆಗೆ ಮಾತ್ರ ಕರೆತರುತ್ತಾರೆ. ‘ಸರ್, ಬೆರಳು ಇನ್ನೂ ಸ್ವಲ್ಪ ಮೇಲೆ. ಮೇಡಂ, ನೀವು ಬೆರಳು ನೋಡ್ಬೇಡಿ, ಆಚೆ ನೋಡಿ. ಹಾಂ, ನಗಬೇಕು’ ಎಂಬ ನಿರ್ದೇಶನದಂತೆ ವರ ಏಸಿ ಡಕ್ಟಿನ ಕಡೆ ಬೆರಳು ತೋರಿಸುತ್ತಾನೆ, ವಧು ಅದನ್ನು ಕಂಡು ಪುಲಕಿತಳಾಗುತ್ತಾಳೆ. ಇಲ್ಲಿ ಪ್ರತ್ಯಕ್ಷವಿಲ್ಲ, ಅನುಮಾನವಿಲ್ಲ, ಉಪಮಾನವಿಲ್ಲ. ಶಬ್ದಪ್ರಮಾಣವನ್ನು ನಾದಸ್ವರದವರು ಮುಳುಗಿಸಿದ್ದಾರೆ. ಅರುಂಧತಿ ಕಂಡಳು ಎಂಬುದಕ್ಕೆ ಉಳಿಯುವುದು ಫೋಟೊಪ್ರಮಾಣ ಒಂದೇ.

ಆಷಾಢದಲ್ಲಿ ಇವನು ಹೋಟೆಲುಗಳ ಮೊರೆಹೋಗುತ್ತಾನೆ. ಊಟ ತರಿಸುವ ಆ್ಯಪ್‌ಗಳು ಬಂದ ಮೇಲೆ ಪ್ರತಿ ದರ್ಶಿನಿಯ ಪ್ರತಿ ತಿಂಡಿಗೂ ಒಂದು ಭಾವಚಿತ್ರ ಬೇಕಾಗಿದೆ. ಈ ಕ್ಷೇತ್ರದಲ್ಲೇ ಗ್ರಂಥಕಾರನಿಗೆ ‘ಇಡ್ಲಿ–ಮುದ್ದೆ ನ್ಯಾಯ’ ಹೊಳೆದದ್ದು. ಕ್ಯಾಮೆರಾದ ಲೈಟ್ ಮೀಟರಿಗೆ ಜಗತ್ತಿನ ಬಗ್ಗೆ ಇರುವುದು ಒಂದೇ ನಂಬಿಕೆ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು. ಬಿಳಿ ತಟ್ಟೆಯ ಮೇಲೆ ಬಿಳಿ ಇಡ್ಲಿ ಇಟ್ಟರೆ ಬೆಳಕು ಅತಿಯಾಯಿತೆಂದು ಹೆದರಿ ಇಡ್ಲಿಯನ್ನು ಬೂದು ಮಾಡುತ್ತದೆ. ಕಪ್ಪು ಮೇಜಿನ ಮೇಲೆ ರಾಗಿಮುದ್ದೆ ಇಟ್ಟರೆ ಕತ್ತಲಾಯಿತೆಂದು ಮರುಗಿ ಮುದ್ದೆಯನ್ನೂ ಬೂದು ಮಾಡುತ್ತದೆ. ಆದಕಾರಣ ಇಡ್ಲಿಗೆ ಒಂದು–ಒಂದೂವರೆ ಸ್ಟಾಪ್ ಕೂಡಿಸಬೇಕು, ಮುದ್ದೆಗೆ ಕಳೆಯಬೇಕು. ಈ ನ್ಯಾಯದ ವ್ಯಾಪ್ತಿ ಅಡುಗೆಮನೆಯಾಚೆಗೂ ಇದೆ. ಹುಡುಗಿಯನ್ನು ‘ಎಡಿಟಿಂಗಲ್ಲಿ ಸ್ವಲ್ಪ ಬೆಳ್ಳಗೆ ಮಾಡ್ಬಿಡಿ’ ಎಂದು ಪಿಸುಗುಟ್ಟುವ ಬಂಧುಗಳು ಮೀಟರಿಗಿಂತ ಕೆಟ್ಟ ತಾರ್ಕಿಕರು. ಮೀಟರಾದರೂ ಎಲ್ಲರನ್ನೂ ಪಕ್ಷಪಾತವಿಲ್ಲದೆ ಬೂದು ಮಾಡುತ್ತದೆ.

ಮಸಾಲೆ ದೋಸೆಯ ಗರಿ ಎಷ್ಟು ಹೊತ್ತು ನಿಲ್ಲುತ್ತದೆಂಬ ಜಿಜ್ಞಾಸೆಗೂ ಒಂದು ಅಧ್ಯಾಯ ಮೀಸಲಿತ್ತು. ವಿಷಯವಸ್ತುವನ್ನು ಸಹಾಯಕ ತಿಂದುಬಿಟ್ಟ ಕಾರಣ ಅಧ್ಯಾಯವನ್ನು ಕೈಬಿಡಲಾಗಿದೆ.

ಮಿಕ್ಕ ಅವತಾರಗಳನ್ನು ಬೇಗ ನೋಡೋಣ. ಕೂಸಿನ ಪಾಸ್‌ಪೋರ್ಟ್ ಫೋಟೊ: 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಆರು ತಿಂಗಳ ಮಗು ಇವೆರಡನ್ನೂ ಒಟ್ಟಿಗೆ ಮಾಡುವುದು ಗ್ರಹಣದಷ್ಟು ಅಪರೂಪ. ಹಾಸಿಗೆಯ ಬಿಳಿ ಹೊದಿಕೆಯ ಕೆಳಗೆ ತಾಯಿಯ ಕೈಗಳು, ಕ್ಯಾಮೆರಾದ ಹಿಂದೆ ಗಿಲಕಿ ಅಲ್ಲಾಡಿಸುವ ತಂದೆ, ಅಂಗಡಿಯ ಹೊರಗೆ ಟೋಕನ್ ಹಿಡಿದು ಕಾಯುವ ಅಜ್ಜಿ. ಮಧ್ಯಾಹ್ನ ಮಾರಾಟಕ್ಕಿರುವ ಫ್ಲ್ಯಾಟು: 16 ಮಿ.ಮೀ. ಲೆನ್ಸನ್ನು ಮೂಲೆಗೆ ಒರಗಿಸಿದರೆ ಹತ್ತಡಿ ಕೋಣೆ ಅರಮನೆಯ ಹಜಾರವಾಗುತ್ತದೆ; ಕೊಳ್ಳುವವರು ಬಂದು ನೋಡಿದಾಗ ಮಂಚ ಮಾತ್ರ ಹಿಡಿಸುತ್ತದೆ, ಅದರಿಂದ ಇಳಿಯಲು ಜಾಗವಿರುವುದಿಲ್ಲ. ಸಂಜೆ ಚೌಡಯ್ಯ ಸ್ಮಾರಕ ಭವನದಲ್ಲಿ ಭರತನಾಟ್ಯದ ರಂಗಪ್ರವೇಶ. ಇದು ನಿಜಕ್ಕೂ ವಿದ್ಯೆ ಬೇಕಾದ ಕೆಲಸ. ಭಂಗಿ ಕಂಡ ಮೇಲೆ ಒತ್ತಿದರೆ ಭಂಗಿ ಮುಗಿದಿರುತ್ತದೆ. ತೀರ್ಮಾನದ ಕೊನೆಯ ತಟ್ಟಿಗೆ ಒಂದು ಕೂದಲೆಳೆ ಮುಂಚೆ ಬೆರಳು ಇಳಿಯಬೇಕು. ಆದಿತಾಳ, ಮಿಶ್ರಚಾಪುಗಳ ಲೆಕ್ಕ ತಿಳಿದ ಛಾಯಾಗ್ರಾಹಕರು ಈ ಊರಿನಲ್ಲಿ ಇದ್ದಾರೆ. ನಟುವಾಂಗದವರು ಅವರತ್ತ ಒಮ್ಮೆ ತಲೆದೂಗಿದರೆ ಆ ದಿನದ ಬಾಕಿಯನ್ನೂ ಮರೆತುಬಿಡುತ್ತಾರೆ. ಅದೇ ಅವರ ದೌರ್ಬಲ್ಯ.

ಉದ್ಯಾನಗಳ ಗೇಟಿನಲ್ಲಿ ಇನ್ನೊಂದು ದರ್ಶನ ಪ್ರಚಲಿತವಿದೆ. ಅದರ ಆಚಾರ್ಯರು ಸೆಕ್ಯೂರಿಟಿಯವರು. ‘ಮೊಬೈಲಾದ್ರೆ ಪರ್ವಾಗಿಲ್ಲ ಸಾರ್, ಕ್ಯಾಮ್ರಾ ಆದ್ರೆ ಪರ್ಮಿಷನ್ ಬೇಕು.’ ಮೊಬೈಲಿನೊಳಗೂ ಕ್ಯಾಮೆರಾ ಇದೆಯಲ್ಲ ಎಂದರೆ, ‘ಅದು ಸಣ್ಣದು’ ಎಂಬ ಉತ್ತರ. ಲೆನ್ಸಿನ ಉದ್ದಕ್ಕೂ ಲಾಭದ ಉದ್ದೇಶಕ್ಕೂ ಅವಿನಾಭಾವ ಸಂಬಂಧವಿದೆ ಎಂಬ ಈ ವಾದವನ್ನು ಗ್ರಂಥಕಾರ ಹಲವು ಬಗೆಯಲ್ಲಿ ಖಂಡಿಸಿ ನೋಡಿದ್ದಾನೆ. ಖಂಡನೆ ಗೇಟಿನಾಚೆಗೆ ದಾಟಿಲ್ಲ.

ಇವನು ಯಾರೂ ಕರೆಯದೆಯೂ ಹೋಗುವ ಜಾಗಗಳಿವೆ: ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯ ಕರಗ. ನಡುರಾತ್ರಿ ದಾಟಿದ ಮೇಲೆ, ವೀರಕುಮಾರರ ಕತ್ತಿಗಳ ನಡುವೆ, ಮಲ್ಲಿಗೆಯ ರಾಶಿ ಹೊತ್ತ ಕರಗ ಹೊರಬೀಳುವಾಗ ಐಎಸ್‌ಒ 6400ಕ್ಕೆ ಏರಿಸಿ, ಮುಂದೆ ಎದ್ದ ನೂರು ಮೊಬೈಲುಗಳ ಸಂದಿಯಲ್ಲಿ ಒಂದು ಫ್ರೇಮು ದಕ್ಕಿದರೆ ಪುಣ್ಯ. ಬಾಕಿತತ್ತ್ವಕ್ಕೆ ಇದು ಅಪವಾದವೇ ಎಂದು ಶಂಕಿಸಬೇಕಿಲ್ಲ. ಮರುದಿನ ಯಾವುದೋ ಪುಟದವರು ಆ ಚಿತ್ರವನ್ನು ಹೆಸರು ಕತ್ತರಿಸಿ ಹಾಕಿಕೊಂಡಿರುತ್ತಾರೆ. ಅದೂ ಬಾಕಿಯ ಖಾತೆಗೇ ಸೇರುತ್ತದೆ.

ಶಾಸ್ತ್ರಕಾರರು ಮಾತಾಡದ ಒಂದು ಕೆಲಸವಿದೆ. ರಾತ್ರಿ ಹನ್ನೊಂದಕ್ಕೆ ಫೋನ್: ‘ಅಣ್ಣಾ, ತಾತ ಹೋಗ್ಬಿಟ್ರು. ಒಂದು ಒಳ್ಳೆ ಫೋಟೊನೂ ಇಲ್ಲ. ನಮ್ಮಕ್ಕನ ಮದುವೇಲಿ ನೀವು ತೆಗ್ದಿದ್ರಲ್ಲ, ಅದ್ರಲ್ಲಿ ಇರ್ಬೋದಾ?’ ಹಳೆಯ ಹಾರ್ಡ್ ಡಿಸ್ಕ್ ಹುಡುಕಿದರೆ ಗ್ರೂಪ್ ಫೋಟೊದ ಮೂರನೆಯ ಸಾಲಿನಲ್ಲಿ ತಾತ ಸಿಗುತ್ತಾರೆ. ಒಂದು ಕಿವಿಗೆ ಯಾರದೋ ಮಗುವಿನ ಬಲೂನು ಅಡ್ಡ, ಭುಜದ ಮೇಲೆ ಬೀಗರ ಕೈ. ಬಲೂನು ತೆಗೆದು ಇನ್ನೊಂದು ಕಿವಿಯನ್ನೇ ತಿರುಗಿಸಿ ಅಂಟಿಸಬೇಕು, ಬೀಗರ ಕೈ ಅಳಿಸಬೇಕು, ಹಿಂದೆ ತಿಳಿನೀಲಿ ತುಂಬಬೇಕು. ವೈಕುಂಠ ಸಮಾರಾಧನೆಯ ಹೊತ್ತಿಗೆ ಫ್ರೇಮು, ಹಾರ, ಊದುಬತ್ತಿ ಎಲ್ಲ ಸಿದ್ಧ. ಬಂದವರೆಲ್ಲ ‘ಥೇಟ್ ಹಂಗೇ ಇದಾರೆ’ ಎನ್ನುತ್ತಾರೆ. ನವೋದಯದವನು ಮೂರನೆಯ ಸಾಲಿಗೂ ಬೆಳಕು ಹೊಡೆದದ್ದು ಏಕೆಂದು ನವ್ಯದವನಿಗೆ ಅರ್ಥವಾಗುವುದು ಇಲ್ಲಿಯೇ. ಈ ಕೆಲಸಕ್ಕೆ ಬಿಲ್ ಬರೆದವರನ್ನು ಗ್ರಂಥಕಾರ ಕಂಡಿಲ್ಲ.

ಈಗ ಮೂಲ ಸಿದ್ಧಾಂತಕ್ಕೆ ಬರೋಣ. ಬಾಕಿ ಹುಟ್ಟುವ ಕ್ರಮ ಚಕ್ರಕದೋಷದ ಶುದ್ಧ ಉದಾಹರಣೆ. ಆಲ್ಬಂ ಕೊಟ್ಟ ಮೇಲೆ ಬಾಕಿ. ಫೋಟೊ ಆರಿಸಿ ಕೊಟ್ಟ ಮೇಲೆ ಆಲ್ಬಂ. ಆರಿಸಬೇಕಾದ ದಂಪತಿಗೆ ಎರಡು ಸಾವಿರ ಫೋಟೊ ನೋಡಲು ಪುರುಸೊತ್ತಿಲ್ಲ, ಸಿಕ್ಕ ದಿನ ಅತ್ತೆಗೂ ಸೊಸೆಗೂ ಆಯ್ಕೆಯಲ್ಲಿ ಒಮ್ಮತವಿಲ್ಲ. ಕಾಲ ಉರುಳುತ್ತದೆ. ಒಂದು ದಿನ ಅದೇ ನಂಬರಿನಿಂದ ಮೆಸೇಜು: ‘ಬ್ರೋ, ಪಾಪುಗೆ ನಾಮಕರಣ. ಆಲ್ಬಂ ಜೊತೆ ಇದನ್ನೂ ಸೇರಿಸಿ ಒಂದೇ ರೇಟ್ ಹೇಳಿ.’ ಕಂಪನಿಗಳ ಕ್ರಮ ಇದಕ್ಕಿಂತ ಶಿಸ್ತಿನದು. ಶೇ 10ರಷ್ಟು ಟಿಡಿಎಸ್ ಹಿಡಿಯಲು ಅವು ತೋರುವ ಚುರುಕು ಉಳಿದ ಶೇ 90ನ್ನು ಕೊಡುವಾಗ ಕಾಣುವುದಿಲ್ಲ, ಅಷ್ಟೇ.

ಕಾನೂನು ಏನೆನ್ನುತ್ತದೆ? 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪ್ರತಿಫಲ ಕೊಟ್ಟು ತೆಗೆಸಿದ ಫೋಟೊಗೆ ತೆಗೆಸಿದವರೇ ಮೊದಲ ಒಡೆಯರು. ಪ್ರತಿಫಲ ಕೊಡುತ್ತೇನೆಂದು ಹೇಳಿ ಎರಡು ವರ್ಷ ಸುಮ್ಮನಿರುವವರ ಫೋಟೊದ ಒಡೆಯ ಯಾರು ಎಂಬುದು ಮೀಮಾಂಸಕರಿಗೆ ತಕ್ಕ ಪ್ರಶ್ನೆ. ವಕೀಲರನ್ನು ಕೇಳಬಹುದು, ಅವರು ಅಡ್ವಾನ್ಸ್ ಇಲ್ಲದೆ ಬಾಯಿ ತೆರೆಯುವುದಿಲ್ಲ.

ಪರಿಹಾರ ನಮ್ಮ ಶಾಸನ ಪರಂಪರೆಯಲ್ಲೇ ಇದೆ. ದತ್ತಿಯ ವಿವರ, ಚತುಸ್ಸೀಮೆ, ಸಾಕ್ಷಿ, ಕೊನೆಗೆ ಶಾಪಾಶಯ: ಕಲ್ಲಿನ ಮೇಲೆ ಇಷ್ಟನ್ನು ಕೊರೆದ ಹಿರಿಯರು ಮನುಷ್ಯಸ್ವಭಾವವನ್ನು ಬಲ್ಲವರಾಗಿದ್ದರು. ಗ್ರಂಥಕಾರ ಇನ್ನು ಮುಂದೆ ಕೊಟೇಶನ್ನನ್ನು ವಾಟ್ಸ್ಯಾಪಿನಲ್ಲಿ ಈ ಪಾಠದಂತೆ ಕಳಿಸಲು ತೀರ್ಮಾನಿಸಿದ್ದಾನೆ. ಸಹೋದ್ಯೋಗಿಗಳೂ ಧಾರಾಳವಾಗಿ ಬಳಸಬಹುದು:

ಸ್ವಸ್ತಿ ಶ್ರೀ. ಎರಡು ದಿವಸದ ಮದುವೆಗೆ ಕ್ಯಾಂಡಿಡ್ ಒಂದು, ಟ್ರೆಡಿಷನಲ್ ಒಂದು, ವಿಡಿಯೊ ಒಂದು, ನಲವತ್ತು ಹಾಳೆಯ ಆಲ್ಬಂ ಪೆನ್‌ಡ್ರೈವ್ ಸಹಿತಂ ಕೊಟ್ಟ ವಾಕ್ಯಂ. ಇದರ ಸೀಮೆ: ಮೂಡಲ್ ಅರಿಶಿನಶಾಸ್ತ್ರಂ, ತೆಂಕಲ್ ಮುಹೂರ್ತಂ, ಪಡುವಲ್ ರಿಸೆಪ್ಷನ್ ರಾತ್ರಿ ಹತ್ತು ಗಂಟೆ, ಬಡಗಲ್ ಬೀಗರೂಟಂ. ಇಂತೀ ಚತುಸ್ಸೀಮೆಯಿಂ ಪೊರಗಣ ಡ್ರೋನಿಗೆ ಬೇರೆ ದುಡ್ಡು. ಇದಕ್ಕೆ ಸಾಕ್ಷಿ ಎರಡು ನೀಲಿ ಗೀಟು. ಈ ಮಾತಂ ಕಾದವರ್ಗೆ ನಾಮಕರಣದೊಳ್ ಹತ್ತು ಪರ್ಸೆಂಟ್ ಕಡಿತಂ. ಬಾಕಿಯಂ ಅಳುಪಿದಾತಂ, ‘ನಾಳೆ ಪಕ್ಕಾ ಹಾಕ್ತೀನಿ ಬ್ರೋ’ ಎಂದಾತಂ, ಆಲ್ಬಮಿನ ನಲವತ್ತು ಹಾಳೆಯೊಳಂ ಕಣ್ಣು ಮುಚ್ಚಿಕೊಂಡೇ ತೋರ್ಗುಂ.