ಒಲೆ ಹಚ್ಚದ ನಳಮಹಾರಾಜರು

ಕರೆದಾಗ ಬಂದು ಉರಿಯುತ್ತೇನೆ ಎಂದು ನಳ ಮಹಾರಾಜನಿಗೆ ಅಗ್ನಿ ವರ ಕೊಟ್ಟಿದ್ದನಂತೆ. ನಮ್ಮ ಗಂಗಾನಗರದ ನಳರಿಗೆ ಆ ವರದ ಗೊಡವೆಯೇ ಇಲ್ಲ. ಇವರದು ಒಲೆ ಹಚ್ಚದ ಅಡುಗೆ. ಡಿಸೆಂಬರ್ ಬಂತೆಂದರೆ ಸಾಕು, ಇವರು ಏಪ್ರನ್ ಕಟ್ಟಿಕೊಂಡು ಕಡಲೆಕಾಯಿ ಬೆಣ್ಣೆಯ ಚಾಕೊಲೇಟ್ ಟ್ರಫಲ್ ಮಾಡಲು ನಿಲ್ಲುತ್ತಾರೆ.

ಇವರನ್ನು ರಾಯರು ಎಂದು ಕರೆಯೋಣ. ಗೌಡರು, ಶೆಟ್ಟರು, ಪಾಟೀಲರು ಎಂದರೂ ನಡೆದೀತು. ಇದು ಒಬ್ಬ ಆಸಾಮಿಯ ಮಾತಲ್ಲ, ಒಂದು ತಳಿಯ ಮಾತು. ಬಳ್ಳಾರಿ ರಸ್ತೆ ಬಿಟ್ಟು ಸಿ.ಬಿ.ಐ. ಕಚೇರಿಯ ಕಡೆಯಿಂದ ಒಳಗೆ ತಿರುಗಿ ಆರ್.ಟಿ. ನಗರದತ್ತ ನಡೆದರೆ ಅಡ್ಡರಸ್ತೆಗೊಬ್ಬರಂತೆ ಸಿಗುತ್ತಾರೆ. ಬ್ಯಾಂಕಿನಲ್ಲೋ ಸಚಿವಾಲಯದಲ್ಲೋ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಅಷ್ಟೂ ವರ್ಷ ಅಡುಗೆಮನೆಯೊಂದಿಗೆ ಅವರ ವ್ಯವಹಾರವೆಂದರೆ ಹೊಸ್ತಿಲಾಚೆ ನಿಂತು "ಡಿಕಾಕ್ಷನ್ ಇಳೀತಾ?" ಎಂದು ವಿಚಾರಿಸುವುದು, ಅಷ್ಟೇ. ಉಪ್ಪಿನ ಡಬ್ಬ ಯಾವುದು, ಅಡುಗೆ ಸೋಡದ ಡಬ್ಬ ಯಾವುದು ಎಂಬುದು ಅವರ ಮಟ್ಟಿಗೆ ಗೌಪ್ಯ ದಾಖಲೆಯಾಗಿತ್ತು.

ನಿವೃತ್ತಿಯಾದ ಮೇಲೆ ಸಹಿ ಹಾಕಲು ಕಡತವಿಲ್ಲ, ಬೈಯಲು ಗುಮಾಸ್ತನಿಲ್ಲ. ಆಗ ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ಒಂದು ವಿಡಿಯೊ ಕಳಿಸುತ್ತಾಳೆ. "ಅಪ್ಪಾ, ತುಂಬಾ ಈಸಿ. ಅವನ್ ಬೇಡ, ಒಲೆ ಬೇಡ, ಮೊಟ್ಟೆನೂ ಇಲ್ಲ. ಕ್ರಿಸ್ಮಸ್ ರಜೆಗೆ ನಾವು ಬರೋಷ್ಟರಲ್ಲಿ ಕಲ್ತಿರು." ರಾಯರಿಗೆ ಅದು ಬಡ್ತಿಯ ಆದೇಶದಂತೆ ಕೇಳಿಸುತ್ತದೆ. ಮಡಿ-ಮೈಲಿಗೆಯ ಮನೆಗೆ ಮೊಟ್ಟೆ ಇಲ್ಲವೆಂಬುದೇ ಅರ್ಧ ಮಂಜೂರಾತಿ. ಉಳಿದರ್ಧವನ್ನು ಹೆಂಡತಿ ಕೊಡಬೇಕು. ಆಕೆಯನ್ನು ಕೇಳುವ ಪದ್ಧತಿ ಆ ಇಲಾಖೆಯಲ್ಲಿಲ್ಲ.

ಮೊದಲ ಹಂತ ಖರೀದಿ. ಅಂಗಡಿಯಲ್ಲಿ ಕಡಲೆಕಾಯಿ ಬೆಣ್ಣೆಯ ಬಾಟಲಿ ಸಿಗುತ್ತದೆ. ಆದರೆ ಬಾಟಲಿ ಬಿಚ್ಚಿ ಮಾಡಿದ್ದಕ್ಕೆ ಯಾರು ಭೇಷ್ ಎಂದಾರು? ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ದೊಡ್ಡಬಸವಣ್ಣನ ಮುಂದೆ ಪರಿಷೆ ನಡೆಯುತ್ತದೆ. ಅಷ್ಟು ದೂರ ಬೇಡವೆಂದರೆ ಮಲ್ಲೇಶ್ವರದ ಕಾಡುಮಲ್ಲೇಶ್ವರನ ಪರಿಷೆಯೂ ಇದೆ. ರಾಯರು ಎರಡಕ್ಕೂ ಹೋಗುತ್ತಾರೆ. ಹಸಿ, ಹುರಿದದ್ದು, ಎರಡು ಬೀಜದ್ದು, ಮೂರು ಬೀಜದ್ದು ಎಲ್ಲವನ್ನೂ ಬಾಯಿಗೆ ಹಾಕಿ ನೋಡಿ, ಸೇರಿಗೆ ಐದು ರೂಪಾಯಿ ಇಳಿಸಲು ಅರ್ಧ ಗಂಟೆ ವಾದಿಸಿ, ಹೋಗಿ ಬರುವ ಆಟೊಗೆ ನಾನೂರು ತೆತ್ತು ಚೀಲದ ಸಮೇತ ಮನೆಗೆ ಬರುತ್ತಾರೆ. "ಚಳ್ಳಕೆರೆ ಮಾಲು" ಎಂದು ಹೆಮ್ಮೆಯಿಂದ ಚೀಲ ಇಳಿಸುತ್ತಾರೆ. ಚಳ್ಳಕೆರೆ, ಪಾವಗಡ, ಶಿರಾ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವುದು ನಿಜ. ಈ ಚೀಲ ಅಲ್ಲಿಂದಲೇ ಬಂತು ಎಂಬುದಕ್ಕೆ ಮಾತ್ರ ವ್ಯಾಪಾರಿಯ ಮಾತೇ ಆಧಾರ.

ಮನೆಗೆ ಬಂದ ಚೀಲವನ್ನು ಸುಲಿಯಬೇಕು. ಸುಲಿಯುವವರು ಹೆಂಡತಿ. ಸುಲಿದದ್ದನ್ನು ಹುರಿಯಬೇಕು. ಹುರಿಯಲು ಒಲೆ ಬೇಕಲ್ಲ ಎಂದು ಆಕೆ ಮೆಲ್ಲಗೆ ನೆನಪಿಸಿದರೆ ರಾಯರು ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಡುತ್ತಾರೆ: "ಹುರಿಯೋದು ಪೂರ್ವಸಿದ್ಧತೆ. ಅಡುಗೆಗೆ ಸೇರಲ್ಲ." ಹುರಿದದ್ದರ ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಬೇಕು. ಅದೂ ಪೂರ್ವಸಿದ್ಧತೆ. ಆಮೇಲೆ ಮಿಕ್ಸಿ. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಆದ್ದರಿಂದ ತಾಳ್ಮೆಯಿಂದ ತಿರುವಿದರೆ ಹನಿ ನೀರಿಲ್ಲದೆ ತಾನೇ ಬೆಣ್ಣೆಯಾಗುತ್ತದೆ. ಮೊದಲು ಪುಡಿ, ಆಮೇಲೆ ಮುದ್ದೆ, ಕಡೆಗೆ ಎಣ್ಣೆ ಬಿಟ್ಟು ನುಣ್ಣಗೆ ಹರಿಯುವ ಹದ. ರಾಯರಿಗೆ ತಾಳ್ಮೆ ಪುಡಿಯ ಹಂತದವರೆಗೆ ಮಾತ್ರ. ಮುದ್ದೆಯ ಹಂತದಲ್ಲಿ ಮಿಕ್ಸಿ ಬಿಸಿಯಾಗಿ ವಾಸನೆ ಬರುತ್ತದೆ. "ನಿಮ್ಮ ತವರಿನವರು ಕೊಡಿಸಿದ ಮಿಕ್ಸಿ ನೋಡು" ಎಂದು ಹೇಳಿ ಅವರು ಹಾಲ್‌ಗೆ ಹೋಗುತ್ತಾರೆ. ಆಕೆ ನಡುನಡುವೆ ನಿಲ್ಲಿಸಿ, ಜಾರಿನ ಗೋಡೆ ಕೆರೆದು, ಮತ್ತೆ ತಿರುವಿ, ಬೆಣ್ಣೆ ಮಾಡಿಡುತ್ತಾಳೆ. ಅದಾದ ಮೇಲೆ ಸುಲಭದ ಭಾಗ ಆರಂಭ.

ಆ ಭಾಗಕ್ಕೆ ಟೈಪ್ ಮಾಡಿ ಮುದ್ರಿಸಿದ ಸುತ್ತೋಲೆ ಉಂಟು. ರೆಫ್ರಿಜರೇಟರ್ ಬಾಗಿಲಿಗೆ ಅಂಟಿಸಲಾಗಿದೆ. ಕಡಲೆಕಾಯಿ ಬೆಣ್ಣೆ 250 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ನಂದಿನಿ ಬೆಣ್ಣೆ 50 ಗ್ರಾಂ, ಚಿಟಿಕೆ ಉಪ್ಪು, ಕೈಗೆ ಅಂಟದಷ್ಟು ಮಾರಿ ಬಿಸ್ಕತ್ತಿನ ಪುಡಿ. ಇಷ್ಟನ್ನೂ ಕಲಸಿ, ನಿಂಬೆಗಿಂತ ಸಣ್ಣ ಉಂಡೆ ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಕರಗಿಸಿದ 200 ಗ್ರಾಂ ಡಾರ್ಕ್ ಚಾಕೊಲೇಟ್‌ನಲ್ಲಿ ಅದ್ದಿ ತೆಗೆಯುವುದು. ಇಪ್ಪತ್ತೈದು ಉಂಡೆ ಧಾರಾಳವಾಗಿ ಆಗುತ್ತದೆ. ಎಲ್ಲ ಉಂಡೆಯೂ ಒಂದೇ ತೂಕ ಇರಬೇಕೆಂದು ರಾಯರು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದಾರೆ. 18 ಗ್ರಾಂ ಮೀರಿದ ಉಂಡೆಯಿಂದ ಚೂರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ; ಕಡಿಮೆ ಬಿದ್ದದ್ದನ್ನು ಇಡಿಯಾಗಿ ನುಂಗುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಪಕ್ಕದಲ್ಲೇ ಇರುತ್ತದೆ.

ಚಾಕೊಲೇಟ್ ವಿಷಯದಲ್ಲಿ ರಾಯರದು ಉಪನ್ಯಾಸವೇ ಸರಿ. "ನೋಡು, ಕೋಕೊ ಬೆಣ್ಣೆ ಕರಗೋದು ಸುಮಾರು 34 ಡಿಗ್ರಿಗೆ. ನಮ್ಮ ಮೈ ಶಾಖ 37. ಅದಕ್ಕೇ ಬಾಯಿಗಿಟ್ಟ ತಕ್ಷಣ ಕರಗುತ್ತೆ. ಡಿಸೆಂಬರಿನಲ್ಲಿ ಬೆಂಗಳೂರು ಮಧ್ಯಾಹ್ನವೂ 27ರ ಆಸುಪಾಸು. ಅದಕ್ಕೇ ಮೇಜಿನ ಮೇಲಿಟ್ರೂ ಕರಗಲ್ಲ." ಇದೆಲ್ಲ ನಿಜವೇ. ಆದರೆ ಅವರು ಇದನ್ನು ಹೇಳುತ್ತಿರುವುದು ಪುತ್ತೂರು ತಾಲ್ಲೂಕಿನ ಅಡಿಕೆ ತೋಟದಲ್ಲಿ ಬೆಳೆದ ಹೆಂಡತಿಗೆ. ಅಡಿಕೆ ಮರಗಳ ನಡುವೆ ಕೋಕೊ ಗಿಡ, ಹಣ್ಣನ್ನು ಅಳಿಲು ತೂತು ಮಾಡುವ ಮೊದಲೇ ಕಿತ್ತು ಒಡೆಯುವ ಅವಸರ, ಬೀಜಕ್ಕಂಟಿದ ಬಿಳಿ ತಿರುಳನ್ನು ಚೀಪಿ ಚೀಪಿ ಉಗಿಯುವುದು ಆಕೆಯ ಬಾಲ್ಯ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ರಾಯರು ಬೆಲ್ಜಿಯಂ ಚಾಕೊಲೇಟೇ ಆಗಬೇಕೆಂದು ಆನ್‌ಲೈನ್‌ನಲ್ಲಿ ಹುಡುಕುತ್ತಿರುವಾಗ ಆಕೆ ತವರಿನಿಂದ ಬಂದ ಕ್ಯಾಂಪ್ಕೊ ಪೊಟ್ಟಣವನ್ನು ಮಾತಿಲ್ಲದೆ ಮೇಜಿನ ಮೇಲಿಟ್ಟು ಹೋಗುತ್ತಾಳೆ. ಆಮೇಲೆ ಬಂದವರಿಗೆಲ್ಲ ರಾಯರು ಹೇಳುವುದು: "ನಾನು ಲೋಕಲ್ ಚಾಕೊಲೇಟ್ ಬಿಟ್ಟು ಬೇರೆ ಮುಟ್ಟಲ್ಲ. ಅದು ನನ್ನ ತತ್ವ."

ಕರಗಿಸುವುದು ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು. ನೀರು ಕಾಯಿಸಲು ಮತ್ತೆ ಒಲೆ. "ನೀರು ಕಾಯಿಸೋದನ್ನ ಅಡುಗೆ ಅಂತ ಯಾರು ಕರೀತಾರೆ?" ಎಂದು ಇನ್ನೊಂದು ತೀರ್ಪು. ಇಲ್ಲಿ ಒಂದು ಗಂಡಾಂತರವಿದೆ. ನಳನಿಗೆ ವರುಣನೂ ವರ ಕೊಟ್ಟಿದ್ದ. ನಮ್ಮ ನಳರಿಗೆ ವರುಣನೇ ವೈರಿ. ಕರಗಿದ ಚಾಕೊಲೇಟ್‌ಗೆ ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆಯೂ ಕೋಕೊ ಪುಡಿಯೂ ಒಂದನ್ನೊಂದು ಹಿಡಿದುಕೊಂಡು ಎಲ್ಲವೂ ಮರಳು ಮರಳಾಗಿ ಗಟ್ಟಿಯಾಗುತ್ತದೆ. ತೊಳೆದ ಚಮಚವನ್ನು ಒರೆಸದೆ ಅದ್ದುವವರು ರಾಯರೇ. ತನಿಖೆಯಲ್ಲಿ ಹೊಣೆಗಾರಿಕೆ ಮಾತ್ರ ಕೆಲಸದವಳ ಮೇಲೆ, ಚಮಚ ತೊಳೆದ ತಪ್ಪಿಗೆ. ಕೂಗಳತೆಯಲ್ಲೇ ಸಿ.ಬಿ.ಐ. ಇದೆ, ಆದರೂ ಗಂಗಾನಗರದ ಅಡುಗೆಮನೆಗಳ ಇಂಥ ಪ್ರಕರಣಗಳು ಯಾವತ್ತೂ ಬಯಲಾಗಿಲ್ಲ.

ಎರಡು ದಿನ ಕಳೆದ ಮೇಲೆ ಉಂಡೆಗಳ ಮೇಲೆ ಬೂದು ಗೆರೆ ಕಾಣಿಸಿಕೊಳ್ಳುತ್ತದೆ. "ಬೂಷ್ಟು ಬಂತಲ್ರೀ" ಎನ್ನುತ್ತಾಳೆ ಹೆಂಡತಿ. ರಾಯರು ಇದಕ್ಕೂ ಓದಿಕೊಂಡಿದ್ದಾರೆ. ಕರಗಿಸಿ ಆರಿಸುವಾಗ ಹದ ತಪ್ಪಿದರೆ ಕೋಕೊ ಬೆಣ್ಣೆ ಮೇಲಕ್ಕೆ ಬಂದು ಹರಳುಗಟ್ಟುತ್ತದೆ. ತಿಂದರೆ ಏನೂ ಆಗುವುದಿಲ್ಲ. ಕೋಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ ಕಾಂಪೌಂಡ್ ಚಾಕೊಲೇಟ್ ತಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ, ರುಚಿಯೂ ಅಷ್ಟೇ ಇರುತ್ತಿರಲಿಲ್ಲ. ವಿವರಣೆ ಮುಗಿಯುವಷ್ಟರಲ್ಲಿ ಹೆಂಡತಿ ಅವನ್ನು ಕೋಕೊ ಪುಡಿಯಲ್ಲಿ ಹೊರಳಿಸಿ ಗೆರೆಯನ್ನೇ ಮಾಯ ಮಾಡಿರುತ್ತಾಳೆ.

ಇನ್ನು ವಿತರಣೆ. ಪಕ್ಕದ ಮನೆಯ ಮಂಗಳೂರು ಕ್ರೈಸ್ತ ದಂಪತಿ ಪ್ರತಿ ವರ್ಷ ಕುಸ್ವಾರ್ ತಟ್ಟೆ ಕಳಿಸುತ್ತಾರೆ. ಕಿಡಿಯೊ, ನೆವ್ರಿ, ಪ್ಲಮ್ ಕೇಕ್ ಎಲ್ಲ ಅದರಲ್ಲಿ. ಇಷ್ಟು ವರ್ಷ ಆ ತಟ್ಟೆಗೆ ಕೋಡುಬಳೆ ತುಂಬಿ ಮರಳಿಸುತ್ತಿದ್ದದ್ದು ಹೆಂಡತಿ. ಈಗ ರಾಯರು ಖುದ್ದಾಗಿ ಬಂಗಾರ ಬಣ್ಣದ ಕಾಗದದ ಬಟ್ಟಲಲ್ಲಿ ಒಂದೊಂದೇ ಉಂಡೆ ಇಟ್ಟು ಒಯ್ದು, ಅವರು ಬಾಯಿಗೆ ಹಾಕಿಕೊಳ್ಳುವವರೆಗೂ ಬಾಗಿಲಲ್ಲೇ ನಿಲ್ಲುತ್ತಾರೆ. "ಊಹಿಸಿ, ಒಳಗೇನಿದೆ?" ಎನ್ನುತ್ತಾರೆ. ಕಡಲೆಕಾಯಿ ವಾಸನೆ ಗೇಟಿನಿಂದಲೇ ಬಂದಿರುತ್ತದೆ. ಆದರೂ ಆ ಸಜ್ಜನರು ಗೋಡಂಬಿ, ಬಾದಾಮಿ ಎಂದೆಲ್ಲ ಊಹಿಸಿ ಸೋಲುತ್ತಾರೆ.

ಬೆಳಗಿನ ವಾಕಿಂಗ್ ಬಳಗದಲ್ಲಿ ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟರೊಬ್ಬರಿದ್ದಾರೆ. ಉಂಡೆ ತಿಂದು ಅವರು ಹೇಳುವುದು ಒಂದೇ ಮಾತು: "ಕಡಲೆಕಾಯಿ ಗಿಡ ಹೂವನ್ನು ಮೇಲೆ ಬಿಡುತ್ತೆ, ಕಾಯನ್ನ ಮಾತ್ರ ಸದ್ದಿಲ್ಲದೆ ಮಣ್ಣೊಳಗೆ ಕಟ್ಟುತ್ತೆ. ನಿಮ್ಮ ಮನೆಯವರು ಆ ಜಾತಿ." ರಾಯರು ಇದನ್ನು ಉಂಡೆಗೆ ಸಿಕ್ಕ ಹೊಗಳಿಕೆ ಎಂದೇ ತಿಳಿದು ಇನ್ನೊಂದು ಕೊಡುತ್ತಾರೆ.

ಹುಬ್ಬಳ್ಳಿಯಿಂದ ಬಂದ ಬೀಗರು ಇಷ್ಟು ನಾಜೂಕಿನವರಲ್ಲ. ಕಚ್ಚಿದರು, ಅಗಿದರು, ಹೇಳಿಯೇಬಿಟ್ಟರು: "ಇದು ಶೇಂಗಾ ಉಂಡಿ ಅಲ್ಲೇನ್ರಿ? ಪಂಚಮಿಗೆ ನಮ್ಮ ಮನ್ಯಾಗ ಡಬ್ಬಿಗಟ್ಟಲೆ ಕಟ್ತಾರ. ನೀವು ಬೆಲ್ಲ ಬಿಟ್ಟು ಸಕ್ರಿ ಹಾಕಿ, ಮ್ಯಾಲೆ ಕರೀ ಕೋಟು ತೊಡಿಸೀರಿ. ಛಲೋ ಆಗೇದ ಬಿಡ್ರಿ." ರಾಯರು ಆ ದಿನ ರಾತ್ರಿ ಊಟ ಮಾಡಲಿಲ್ಲವೆಂದು ಸುದ್ದಿ. ಉಂಡೆ ತೂಗಿ ತೂಗಿ ಹೊಟ್ಟೆ ತುಂಬಿತ್ತು ಎಂಬುದು ಹೆಂಡತಿಯ ಹೇಳಿಕೆ.

ಕಡೆಗೆ ಮಗಳೂ ಮೊಮ್ಮಗನೂ ಬಂದಿಳಿಯುತ್ತಾರೆ. ಹುಡುಗ ಬಟ್ಟಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಇದರಲ್ಲಿ ಪೀನಟ್ ಇದೆಯಾ?" ಎನ್ನುತ್ತಾನೆ. ಅಲರ್ಜಿಯ ಭಯಕ್ಕೆ ಅಲ್ಲಿನ ಎಷ್ಟೋ ಶಾಲೆಗಳು ಮಕ್ಕಳ ಡಬ್ಬಿಯಲ್ಲಿ ಕಡಲೆಕಾಯಿ ಬರಕೂಡದೆಂದು ನಿಯಮ ಮಾಡಿವೆ. ಇವನಿಗೆ ಅಲರ್ಜಿ ಏನೂ ಇಲ್ಲ, ಶಾಲೆಯ ಶಿಸ್ತು ಅಷ್ಟೇ. ಇಲ್ಲಿ ಶಾಲೆಯಿಲ್ಲ, ರಜೆ ಎಂದು ತಿಳಿದ ಮೇಲೆ ಎಂಟು ಉಂಡೆ ತಿಂದು, ಬೆಳಿಗ್ಗೆ ಅಜ್ಜಿ ಮಾಡಿದ ಹುಗ್ಗಿಯನ್ನು ಇನ್ನೂ ಒಂದು ಬಟ್ಟಲು ಕೇಳುತ್ತಾನೆ.

ಹುಗ್ಗಿಯ ಮಾತು ಬಂದದ್ದು ಒಳ್ಳೆಯದಾಯಿತು. ಇದೇ ಡಿಸೆಂಬರಿನ ನಡುವೆ ಧನುರ್ಮಾಸ ಹಿಡಿಯುತ್ತದೆ. ಚಳಿಯಲ್ಲಿ ಕತ್ತಲೆಗೇ ಎದ್ದು, ಮಿಂದು, ಹೆಸರುಬೇಳೆ ಹುರಿದು, ಮೆಣಸು ಜೀರಿಗೆ ಕುಟ್ಟಿ, ಸೂರ್ಯ ಹುಟ್ಟುವ ಮೊದಲೇ ನೈವೇದ್ಯಕ್ಕೆ ಇಡುವ ಆ ಹುಗ್ಗಿಗೆ ಸುತ್ತೋಲೆ ಇಲ್ಲ, ತಕ್ಕಡಿ ಇಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಇಲ್ಲ. ಅದನ್ನು ಮಾಡಿದವರು ಬಾಗಿಲಲ್ಲಿ ನಿಂತು "ಒಳಗೇನಿದೆ, ಊಹಿಸಿ" ಎಂದದ್ದೂ ಇಲ್ಲ. ರಾಯರು ಅದನ್ನು ತಿಂದೇ, ಕೈತೊಳೆದೇ, ಟ್ರಫಲ್ ಕೆಲಸಕ್ಕೆ ಕೂರುವುದು.

ಉಂಡೆ ರುಚಿಯಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಿವೃತ್ತರು ಅಡುಗೆಮನೆಗೆ ಬಂದದ್ದೂ ಶುಭವೇ. ಆದ್ದರಿಂದ ನಿಮ್ಮ ಮನೆಯಲ್ಲೂ ಒಬ್ಬ ನಳಮಹಾರಾಜರು ಏಪ್ರನ್ ಕಟ್ಟಿದರೆ ತಡೆಯಬೇಡಿ. ಕಡಲೆಕಾಯಿ ಸುಲಿಯುವುದರಿಂದ ಹಿಡಿದು ಜಿಡ್ಡು ಹಿಡಿದ ಮಿಕ್ಸಿ ಜಾರು ತೊಳೆಯುವವರೆಗೆ ಎಲ್ಲವನ್ನೂ ಅವರಿಗೇ ಬಿಟ್ಟುಕೊಡಿ. ಜಾರು ಕವುಚಿಟ್ಟು ಕೈ ಒರೆಸಿಕೊಂಡ ಮೇಲೂ ಅವರು "ತುಂಬಾ ಈಸಿ" ಎಂದರೆ, ಆಗ ನಂಬೋಣ.