ಬಚ್ಚಲೊಲೆಯ ಅಗ್ನಿಹೋತ್ರಿ

ಮಲೆನಾಡಿನ ತುಂಬಿದ ಮನೆಯೊಂದರ ಹಿತ್ತಲ ಕಡೆಯಿಂದ, ಬೆಳಗಿನ ಜಾವದಲ್ಲಿ ಊದುಗೊಳವೆಯ ಸದ್ದೂ ಅದರ ಬೆನ್ನಿಗೇ ಸುದೀರ್ಘವಾದೊಂದು ಉಪನ್ಯಾಸವೂ ಕೇಳಿಬರುತ್ತಿದ್ದರೆ, ಆ ಮನೆಯಲ್ಲೊಬ್ಬರು ಭಾವಯ್ಯನವರು ಇದ್ದಾರೆಂದು ನಿಸ್ಸಂದೇಹವಾಗಿ ತಿಳಿಯತಕ್ಕದ್ದು. ಇವರು ಹೆಂಡತಿಯ ತವರಿಗೆ ಹಬ್ಬಕ್ಕೆಂದು ಬಂದವರು, ಅಡಕೆಕೊಯ್ಲು ಮುಗಿದರೂ ಹಿಂದಿರುಗಲು ಪುರಸೊತ್ತಾಗದೆ ಉಳಿದುಕೊಂಡವರು. ತೋಟದ ಲೆಕ್ಕದಲ್ಲಿ ಅವರಿಗೆ ಆಸಕ್ತಿ ಸಾಲದು. ಸಂಧ್ಯಾವಂದನೆಯನ್ನು ಸಂಕ್ಷೇಪಿಸುವುದರಲ್ಲಿ ಪ್ರವೀಣರು. ಆದರೆ ಹಂಡೆಯ ಕೆಳಗಣ ಅಗ್ನಿಯ ಉಪಾಸನೆಯಲ್ಲಿ ಮಾತ್ರ ಅವರ ನಿಷ್ಠೆ ಯಾವ ಶ್ರೌತಿಯ ನಿಷ್ಠೆಗೂ ಕಡಿಮೆಯಾದುದಲ್ಲ. ಅತ್ಯಲ್ಪ ಸೌದೆಯಿಂದ ಅತಿಶೀಘ್ರವಾಗಿ ಮೀಯುವ ನೀರನ್ನು ಕಾಯಿಸುವುದೇ ಅವರ ಪಾಲಿನ ಪರಮ ಪುರುಷಾರ್ಥ.

ಅವರ ಗಣಿತದಲ್ಲಿ ಯಾರೂ ತಪ್ಪು ಹುಡುಕಲಾರರು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಹಂಡೆಯಲ್ಲಿ 100 ಲೀಟರು ನೀರಿದ್ದು, ಅದನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ತರುವುದೆಂದರೆ 2,500 ಕಿಲೋಕ್ಯಾಲೊರಿಯಾಯಿತು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4,000 ಕಿಲೋಕ್ಯಾಲೊರಿ ಅಡಗಿರುವಾಗ, ಮುಕ್ಕಾಲು ಕಿಲೋ ಸೌದೆಯೂ ಪೂರ್ತಿ ಬೇಕಾಗದು. ಹೀಗಿದ್ದೂ ಈ ಮನೆಯಲ್ಲಿ ದಿನಂಪ್ರತಿ ಆರು ಕಿಲೋಗಳಿಗೂ ಮೀರಿ ಸೌದೆ ಬೂದಿಯಾಗುತ್ತಿರುವುದೇಕೆ? ಹತ್ತು ಪಾಲು ಶಾಖದಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರಿ ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಕೇಳುವಾಗ ಭಾವಯ್ಯನವರು ಎದುರಿಗಿದ್ದವನ ಮುಖವನ್ನು ನೋಡುವ ರೀತಿಯಿಂದ, ಆ ಒಂಬತ್ತು ಪಾಲನ್ನು ಆತನೇ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುವನೋ ಎಂಬ ಸಂಶಯ ಆತನಿಗೇ ಉಂಟಾಗುವುದುಂಟು.

ಕಳ್ಳರನ್ನು ಅವರು ಒಬ್ಬೊಬ್ಬರನ್ನಾಗಿ ಹಿಡಿದುಕೊಡುತ್ತಾರೆ. ಹಸಿ ಸೌದೆ ಮೊದಲನೆಯ ಕಳ್ಳ. ಅದರೊಳಗಿನ ಒಂದೊಂದು ಕಿಲೋ ನೀರೂ ಆವಿಯಾಗುವ ನೆವದಲ್ಲಿ 540 ಕಿಲೋಕ್ಯಾಲೊರಿಗೆ ಕಡಿಮೆಯಿಲ್ಲದಂತೆ ಕೊಂಡೊಯ್ಯುತ್ತದೆ. ಒಲೆಯ ಅಗಲವಾದ ಬಾಯಿ ಎರಡನೆಯವನು. ಅದರಿಂದ ಬೇಡದ ತಣ್ಣನೆಯ ಗಾಳಿ ಒಳನುಗ್ಗಿ, ನಮ್ಮ ಸೌದೆಯಿಂದಲೇ ಮೈ ಕಾಯಿಸಿಕೊಂಡು ಹೊಗೆಗೂಡಿನ ಹಾದಿ ಹಿಡಿಯುತ್ತದೆ. ಹಂಡೆಗೂ ಒಲೆಯ ಗೋಡೆಗೂ ನಡುವಣ ಅತಿಯಾದ ಸಂದು, ತಳಕ್ಕೆ ಕಟ್ಟಿದ ಮಸಿ, ಮುಚ್ಚಳವಿಲ್ಲದ ಹಂಡೆಯ ಬಾಯಿ ಇವೆಲ್ಲ ಅದೇ ಗುಂಪಿನವು. ಒಲೆಯ ಪಕ್ಕದಲ್ಲಿ ಮೈಚಾಚಿ ಮಲಗಿದ ಮನೆಯ ಬೆಕ್ಕು ಕಟ್ಟಕಡೆಯದು.

ಪರಿಹಾರಗಳೂ ಶಾಸ್ತ್ರಸಮ್ಮತವಾದುವೇ. ಕುಂಟೆಗಳನ್ನು ಸಣ್ಣಗೆ ಸೀಳಿ ಒಲೆಯ ಮೇಲಣ ಅಟ್ಟದಲ್ಲಿ ಒಣಗಿಸತಕ್ಕದ್ದು. ಉರಿಯ ಕೆಳಗೆ ಕಬ್ಬಿಣದ ಜಾಲರಿಯಿಟ್ಟು ಗಾಳಿ ಅಡಿಯಿಂದ ಬರುವಂತೆ ಮಾಡತಕ್ಕದ್ದು. ಎರಡು ಬೆರಳಿನ ಸಂದನ್ನು ಮಾತ್ರ ಬಿಟ್ಟು ಹಂಡೆಯ ಸುತ್ತ ಮಣ್ಣಿನ ಗೋಡೆಯೆಬ್ಬಿಸಿ, ಜ್ವಾಲೆಯು ಪ್ರದಕ್ಷಿಣೆ ಮಾಡಿಯೇ ಹೊರಹೋಗುವಂತೆ ಏರ್ಪಡಿಸತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ಹಳ್ಳಿಯ ಒಲೆಗಳನ್ನು ತಿದ್ದಿದುದೂ ಇಂತಹ ತತ್ತ್ವಗಳನ್ನು ಆಶ್ರಯಿಸಿಯೇ. ಅವರಿಗೂ ಭಾವಯ್ಯನವರಿಗೂ ಇರುವ ಭೇದವಿಷ್ಟೆ: ಅವರು ಒಲೆಯನ್ನು ಕಟ್ಟಿ ಮುಗಿಸಿದರು. ಭಾವಯ್ಯನವರಾದರೋ ಜಾಲರಿ ಬರುವ ಮೊದಲೇ ಗೋಡೆಯನ್ನೂ, ಗೋಡೆ ಆರುವ ಮೊದಲೇ ಹೊಗೆಗೂಡನ್ನೂ ಕೀಳುವ ಸ್ವಭಾವದವರು. ಮುಚ್ಚಳದ ನಿಯಮವನ್ನು ವಿಧಿಸಿದವರೂ ಅವರೇ. ನೀರೆಷ್ಟು ಕಾಯಿತೆಂದು ಪರೀಕ್ಷಿಸುವುದಕ್ಕಾಗಿ ಗಳಿಗೆಗೊಮ್ಮೆ ಅದನ್ನು ತೆರೆಯುವವರೂ ಅವರೇ.

ಮನೆಯ ಹುಡುಗರು ಆಕ್ಷೇಪಿಸಿದರೆ ಅವರು ಕೌಂಟ್ ರಮ್‌ಫರ್ಡನ ಮೊರೆಹೊಗುತ್ತಾರೆ. ಈ ಮಹಾನುಭಾವನು ಮ್ಯೂನಿಕ್ ನಗರದ ಆಯುಧಾಗಾರದಲ್ಲಿ, ನೀರಿನೊಳಗೆ ಮುಳುಗಿಸಿದ ಫಿರಂಗಿಯ ಲೋಹವನ್ನು ಕುದುರೆಯ ಬಲದಿಂದ ಕೊರೆಯಿಸಿ, ಬೆಂಕಿಯ ಸೋಂಕೇ ಇಲ್ಲದೆ ಎರಡೂವರೆ ಗಂಟೆಯಲ್ಲಿ ಆ ನೀರನ್ನು ಕುದಿಸಿದನೆಂದೂ, ಅದನ್ನು 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ನಿವೇದಿಸಿದನೆಂದೂ ಅವರು ಕಣ್ಣರಳಿಸಿ ವರ್ಣಿಸುವುದನ್ನು ಕೇಳಿದರೆ, ಕೊಟ್ಟಿಗೆಯಲ್ಲಿರುವ ಎತ್ತುಗಳ ಭವಿಷ್ಯದ ಬಗೆಗೆ ಯಾರಿಗಾದರೂ ಕಳವಳವಾಗದೆ ಇರದು. ಆ ಕುದುರೆಯ ಮೇವನ್ನೇ ಉರಿಸಿದ್ದರೆ ಇನ್ನೂ ಹೆಚ್ಚು ಶಾಖ ದೊರೆಯುತ್ತಿತ್ತೆಂದು ರಮ್‌ಫರ್ಡನು ಅದೇ ನಿಬಂಧದಲ್ಲಿ ಒಪ್ಪಿಕೊಂಡಿರುವುದನ್ನು ಮಾತ್ರ ಭಾವಯ್ಯನವರು ಹೇಳುವುದಿಲ್ಲ.

ಅವರ ಪ್ರತಿಭೆ ಪೂರ್ಣವಾಗಿ ಪ್ರಕಾಶಿಸುವುದು ದೀಪಾವಳಿಯಲ್ಲಿ. ನೀರು ತುಂಬುವ ಹಬ್ಬದ ಸಂಜೆ ಹೆಂಗಸರು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಹೊಸ ನೀರು ತುಂಬಿ, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ ಹೋಗುತ್ತಾರೆ. ನರಕಚತುರ್ದಶಿಯ ಇನ್ನೂ ಬೆಳಕು ಹರಿಯದ ಜಾವದಲ್ಲಿ, ತಲೆಯಿಂದ ಹಿಮ್ಮಡಿಯವರೆಗೆ ಎಣ್ಣೆ ಹಚ್ಚಿಕೊಂಡ ಮೂರು ತಲೆಮಾರಿನವರು ಅಂಗಳದ ಚಳಿಯಲ್ಲಿ ಸಾಲಾಗಿ ನಡುಗುತ್ತಿರುವಾಗ, ಭಾವಯ್ಯನವರು ಉರಿಯುತ್ತಿದ್ದ ಒಲೆಯಿಂದ ಕೊಳ್ಳಿಗಳನ್ನು ಹೊರಗೆಳೆದು, ಗಾಳಿಯ ದಾರಿ ಸರಿಯಿಲ್ಲವೆಂದು ಮೊದಲಿನಿಂದ ಹೂಡುತ್ತಿರುತ್ತಾರೆ. ಕಡೆಗೆ ಅತ್ತೆಯವರು ಬಂದು, "ಅಳಿಯಂದಿರು ಸ್ವಲ್ಪ ಆಚೆ ಕೂತು ಕಾಫಿ ಕುಡೀಬೇಕು" ಎಂದು ವಿನಯದಿಂದ ಎಬ್ಬಿಸಿ, ತೆಂಗಿನ ಮಟ್ಟೆ ಎರಡು, ಅಡಕೆಸಿಪ್ಪೆ ಒಂದು ಬುಟ್ಟಿ ಒಳಗೆ ತುರುಕುತ್ತಾರೆ, ನೀರು ಕಾಯುತ್ತದೆ.

ಅತ್ತೆಯವರದೂ ಒಂದು ಶಾಸ್ತ್ರವುಂಟು, ಉಪನ್ಯಾಸ ಮಾತ್ರವಿಲ್ಲ. ಮಿಂದು ಹೊರಬರುವವರು ತೆಗೆದಷ್ಟೂ ನೀರನ್ನು ಬಾವಿಯಿಂದ ಸೇದಿ ಹಂಡೆಗೆ ತುಂಬಬೇಕೆಂಬುದು ಆ ಮನೆಯ ನಿಯಮ. ಕಾದ ನೀರಿಗೆ ತಣ್ಣೀರು ಬೆರಸುವುದು ಮಹಾಪರಾಧವೆಂದು ಭಾವಯ್ಯನವರು ಎಷ್ಟೋ ಸಲ ವಾದಿಸಿದ್ದಾರೆ. ಆದರೆ ಉರಿ ಅಡಗಿದ ಮೇಲೂ ಕೆಂಡದಲ್ಲಿಯೂ ಒಲೆಯ ಮಣ್ಣಿನಲ್ಲಿಯೂ ಉಳಿದುಕೊಳ್ಳುವ ಕಾವು ಆ ತಣ್ಣೀರಿಗೆ ಇಳಿದು, ಸಂಜೆ ಗದ್ದೆಯಿಂದ ಬಂದವರ ಕೈಕಾಲಿಗೆ ಬೆಚ್ಚನೆಯ ನೀರು ಒಂದು ಚಕ್ಕೆ ಸೌದೆಯೂ ಇಲ್ಲದೆ ಸಿದ್ಧವಾಗಿರುತ್ತದೆ. ಒಂಬತ್ತು ಪಾಲಿನಲ್ಲಿ ಒಂದೆರಡು ಪಾಲನ್ನು ಮರಳಿ ತಂದವರು ಆ ಮನೆಯಲ್ಲಿ ಅವರೊಬ್ಬರೇ.

ಈಚೆಗೆ ಮೈದುನನು ಮಾಡಿನ ಮೇಲೆ ಸೋಲಾರು ಹಾಕಿಸಿದಾಗ ಭಾವಯ್ಯನವರು ಊದುಗೊಳವೆಯನ್ನು ಸೂರಿಗೆ ಸಿಕ್ಕಿಸಿ ಕೆಲವು ತಿಂಗಳು ಮೌನವಾಗಿದ್ದರು. ಆಷಾಢದ ಮಳೆ ಹಿಡಿದು ವಾರಗಟ್ಟಲೆ ಸೂರ್ಯದರ್ಶನವಿಲ್ಲದೆ ನಲ್ಲಿಯಲ್ಲಿ ಮಂಜಿನಂತಹ ನೀರು ಬರತೊಡಗಿದಾಗ, ಅತ್ತೆಯವರೂ ನೆಂಟರ ಮನೆಗೆ ಹೋಗಿದ್ದುದರಿಂದ, ಮನೆಮಂದಿಯೆಲ್ಲ ಬಂದು ಅವರ ಮುಂದೆ ನಿಂತರು. ಭಾವಯ್ಯನವರು ಎಲ್ಲರನ್ನೂ ಮನಸಾರೆ ಕ್ಷಮಿಸಿ, ಕೊಟ್ಟಿಗೆಗೆ ಹೋಗಿ ಒಂದು ಸೌದೆಯನ್ನೆತ್ತಿ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ಆಲಿಸಿ, "ತೇವ ಬಹಳ ಇದೆ, ಮೊದಲು ಇದನ್ನು ಒಣಗಿಸಲು ಇನ್ನೊಂದು ಒಲೆ ಹೂಡಬೇಕು" ಎಂದು ತೀರ್ಪಿತ್ತರು. ಆ ಒಲೆಗೆ ಸೌದೆ ಎಲ್ಲಿಯದೆಂಬ ಪ್ರಶ್ನೆ ಸದ್ಯಕ್ಕೆ ಅವರ ಪರಿಶೀಲನೆಯಲ್ಲಿದೆ.