ಮುಂಬೈ ಕಾಕಾ

ನಮ್ಮ ಯಮಕನಮರಡಿಯಲ್ಲಿ ಓಣಿಗೊಬ್ಬ ಮುಂಬೈ ಕಾಕಾ ಇರುತ್ತಾರೆ. ಮುಂಬೈಯಲ್ಲಿ ಇವರಿಗೆ ಮನೆಯಿಲ್ಲ, ನೌಕರಿಯಿಲ್ಲ. ಪ್ರಾಯದಲ್ಲಿ ಗಿರಣಿ ಕೆಲಸದ ಸೋದರಮಾವನ ಖೋಲಿಯಲ್ಲಿ ಒಂದು ಮಳೆಗಾಲ ಕಳೆದದ್ದೇ ಬಂಡವಾಳ. ಇವತ್ತಿಗೂ ಅದರ ಬಡ್ಡಿಯಲ್ಲೇ ನಡೆದಿದೆ. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗಬೇಕಾದವರು, ಸಿದ್ಧಿವಿನಾಯಕನಿಗೆ ಹರಕೆ ಹೊತ್ತವರು, ಮಗನನ್ನು ದುಬೈ ವಿಮಾನ ಹತ್ತಿಸುವವರು, ಎಲ್ಲರೂ ಮೊದಲು ಕಾಕಾನ ಕಟ್ಟೆಗೆ ಬಂದು ಕೂಡಬೇಕು.

“ಮುಂಬೈ ಅಂದ್ರ ನಮ್ಮ ರಾಜಧಾನಿ ಅಲ್ಲೇನೋ ತಮ್ಮಾ?” ಎಂದೇ ಕಾಕಾ ಮಾತು ತೆಗೆಯುವುದು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತಾದ್ದರಿಂದ ಇದು ಪೂರ್ತಿ ಸುಳ್ಳಲ್ಲ. ಕಾಕಾ ಹುಟ್ಟಿದ್ದು ಆಮೇಲೆ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಊರ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಹತ್ತರಗಿ ಟೋಲ್ ನಾಕಾದ ಕಡೆ ಹೋಗಿ ನಿಂತರೆ ರಾತ್ರಿಯೆಲ್ಲ ಮುಂಬೈ ಕಡೆಯ ಸ್ಲೀಪರ್ ಬಸ್ಸುಗಳು ಸಾಲಾಗಿ ಹಾಯುತ್ತವೆ. ಕಾಕಾಗೆ ಅವು ಬೇಡ. “ಬಸ್ಸಿನ್ಯಾಗ ಮಲಗಿದ್ರ ಹೆಣಾ ಒಯ್ದಂಗ ಒಯ್ತಾರ. ರೈಲಿನ್ಯಾಗ ಎದ್ದು ಅಡ್ಡಾಡಬಹುದು, ನಾಕು ಮಂದಿ ಜೋಡಿ ಜಗಳಾಡಬಹುದು.” ಹೀಗಾಗಿ ಮುಂಬೈಗೆ ಬೆನ್ನು ಮಾಡಿ ಘಟಪ್ರಭಾ ಸ್ಟೇಶನ್ನಿಗೆ ಟೆಂಪೋ ಮಾಡಿಸುತ್ತಾರೆ. ಹುಬ್ಬಳ್ಳಿ–ದಾದರ್ ಗಾಡಿ ಬರುವುದಕ್ಕೆ ಎರಡು ತಾಸು ಮೊದಲೇ ಇಡೀ ತಂಡ ಪ್ಲಾಟ್‌ಫಾರ್ಮಿನ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತಿರುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ, ಬೀಗರಿಗೆ ಗೋಕಾಕ ಕರದಂಟು. ಕರದಂಟು ಬೀಗರ ಮನೆ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ, ಮೀರಜ್ ದಾಟುವುದರೊಳಗೆ ಡಬ್ಬಿ ಹಗುರಾಗಿರುತ್ತದೆ.

ಕಾಕಾನ ನಿಜವಾದ ವಿದ್ಯೆ ಇರುವುದು ಸ್ಲೀಪರ್ ಡಬ್ಬಿಯೊಳಗೆ. ಒಂದು ಖಾನೆಗೆ ಎಂಟು ಬರ್ತು. ಒಂದು, ನಾಲ್ಕು ಕೆಳಗಿನವು, ಎರಡು, ಐದು ನಡುವಿನವು, ಮೂರು, ಆರು ಮೇಲಿನವು, ಏಳು ಸೈಡ್ ಲೋವರ್, ಎಂಟು ಸೈಡ್ ಅಪ್ಪರ್. ಶಾಲೆಯಲ್ಲಿ ಎಂಟರ ಮಗ್ಗಿ ಬಾರದೆ ಬೆತ್ತದ ರುಚಿ ಕಂಡವರು ಈಗ ಟಿಕೀಟು ನೋಡದೆ ತೀರ್ಪು ಕೊಡುತ್ತಾರೆ. “ಇಪ್ಪತ್ಮೂರಾ? ಸೈಡ್ ಲೋವರ್. ನಲವತ್ತಾರಾ? ಅಯ್ಯ, ಮ್ಯಾಲಿಂದು. ಅಕ್ಕಾ, ನಿಮ್ಮ ಮೊಣಕಾಲಿಗೆ ಆಗೂದಿಲ್ಲ, ಅದನ್ನ ಈ ಹುಡುಗಗ ಕೊಡ್ರಿ.” ಹತ್ತು ನಿಮಿಷದಲ್ಲಿ ಟಿ.ಸಿ. ಬರುವ ಮೊದಲೇ ಡಬ್ಬಿಯ ಅರ್ಧ ಮಂದಿ ತಮ್ಮ ಜಾಗ ಬಿಟ್ಟು ಬೇರೆ ಕಡೆ ಕೂತಿರುತ್ತಾರೆ. ಟಿ.ಸಿ. ಬಂದ ಮೇಲೆ ಅವರನ್ನೆಲ್ಲ ಮತ್ತೆ ಎಬ್ಬಿಸಬೇಕಾಗುತ್ತದೆ, ಆ ಮಾತು ಬೇರೆ.

ನಡುವಿನ ಬರ್ತನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಎತ್ತಿ ಮಲಗಬೇಕೆಂಬುದು ರೈಲ್ವೆ ಕಾನೂನು. ಕಾಕಾ ಕೆಳಗೆ ಇದ್ದಾಗ ಈ ಕಾನೂನು ನಿಮಿಷಕ್ಕೂ ಬಿಡದೆ ಜಾರಿಯಲ್ಲಿರುತ್ತದೆ. “ಇನ್ನೂ ಹತ್ತಾಗಿಲ್ರಿ, ತಡೀರಿ.” ನಡುವಿನದು ತಮ್ಮದೇ ಆದ ದಿನ ಎಂಟೂವರೆಗೇ ಸರಪಳಿ ಸಿಕ್ಕಿಸಿ ಮಲಗಿ, ಕೆಳಗೆ ಕುತ್ತಿಗೆ ಬಗ್ಗಿಸಿ ಕೂತವರಿಗೆ “ವಯಸ್ಸಾದವರಿಗೆ ಕಾನೂನ್ಯಾಗ ಸ್ವಲ್ಪ ಸಡ್ಲ ಐತಿ” ಎನ್ನುತ್ತಾರೆ. ಕೊಲ್ಹಾಪುರಿ ಚಪ್ಪಲಿ ಪ್ಲಾಸ್ಟಿಕ್ ಚೀಲ ಸೇರಿ ತಲೆದಿಂಬಾಗುತ್ತದೆ. ಕಳ್ಳ ಬಂದರೆ ಮೊದಲು ಚಪ್ಪಲಿಗೇ ಕೈ ಹಾಕುತ್ತಾನೆಂದು ಅವರಿಗೆ ಯಾರು ಹೇಳಿದರೋ.

ಮಲಗಿದವರನ್ನು ಮಲಗಲು ಬಿಟ್ಟರೆ ಅವರು ಕಾಕಾ ಹೇಗಾದಾರು? ಗಾಡಿ ಪುಣೆ, ಲೋಣಾವಳಾ ದಾಟಿ ಬೋರ್ ಘಾಟ್ ಇಳಿಯುವ ಅಪರಾತ್ರಿಯಲ್ಲಿ ಖಾನೆಯ ಲೈಟು ಝಗ್ಗನೆ ಹತ್ತುತ್ತದೆ. “ಏಳ್ರಿ, ಏಳ್ರಿ, ಘಾಟ ಬಂತು! ಇಂಗ್ರೇಜರು 1863ರಾಗ ಕಡದ ದಾರಿ!” ಮೂವತ್ತೇಳು ಅಡಿ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು, ಸುರಂಗದ ಮೇಲೆ ಸುರಂಗ, ನೋಡತಕ್ಕದ್ದೇ ಹೌದು. ಆದರೆ ಕಿಟಕಿಯಾಚೆ ಕಗ್ಗತ್ತಲು. ಎಲ್ಲರೂ ಕಿಟಕಿ ಗಾಜಿನಲ್ಲಿ ತಂತಮ್ಮ ನಿದ್ದೆಗೆಟ್ಟ ಮುಖ ನೋಡಿ “ಭಾಳ ಛಲೋ ಐತ್ರಿ” ಎಂದು ಮತ್ತೆ ಚಾದರ ಎಳೆದುಕೊಳ್ಳುತ್ತಾರೆ.

ಬೆಳಗಾದರೆ ದಾದರ್. ರಾತ್ರಿಯಿಡೀ ಆಳಿದ ಕಾಕಾ ಇಲ್ಲಿ ಕಾಲಿಟ್ಟೊಡನೆ ಸ್ವಲ್ಪ ಗಿಡ್ಡಾಗುತ್ತಾರೆ. ಅವರ ಬಾಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಇಂದಿಗೂ ವಿ.ಟಿ., ಪ್ರಭಾದೇವಿ ಇಂದಿಗೂ ಎಲ್ಫಿನ್‌ಸ್ಟನ್. ಅವರು ಕಲಿಸಿದ ಹಳೆಯ ಕೆಂಪು ಡಬಲ್ ಡೆಕ್ಕರ್ ಬಸ್ಸು, ಪದ್ಮಿನಿ ಟ್ಯಾಕ್ಸಿ ಎರಡೂ 2023ರಲ್ಲೇ ರಸ್ತೆ ಬಿಟ್ಟವು. ಅದೇ ಡಿಸೆಂಬರಿನಲ್ಲಿ ರೈಲ್ವೆಯವರು ದಾದರಿನ ಪ್ಲಾಟ್‌ಫಾರ್ಮುಗಳಿಗೂ ಕೈ ಹಚ್ಚಿದರು. ಅಲ್ಲಿಯವರೆಗೆ ಪಶ್ಚಿಮ ರೈಲ್ವೆಗೂ ಮಧ್ಯ ರೈಲ್ವೆಗೂ ಬೇರೆ ಬೇರೆ ಒಂದನೇ ನಂಬರು ಇದ್ದವು; ಈಗ ಮಧ್ಯ ರೈಲ್ವೆಯ ಎಣಿಕೆ ಎಂಟರಿಂದ ಶುರುವಾಗುತ್ತದೆ.

ಆಮೇಲೊಮ್ಮೆ ನಾವು ಕಾಕಾನ ಜೋಡಿ ಹೋದಾಗ ಸವಾರಿ ಮಾಟುಂಗಾಕ್ಕೆ ಹೊರಟಿತ್ತು, ರಾಮಾ ನಾಯಕರ ಉಡುಪಿ ಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟಕ್ಕೆ. 1942ರಿಂದ ಇರುವ ಆ ಖಾನಾವಳಿಯನ್ನು ಯಾರೂ ಬದಲಿ ಮಾಡಿಲ್ಲವೆಂಬ ಧೈರ್ಯ ಕಾಕಾಗಿತ್ತು. “ಮಾಟುಂಗಾ ಗಾಡಿ ಒಂದನೇ ನಂಬರಿಗೆ” ಎಂದು ಮುಂದೆ ನಡೆದರು.

“ಕಾಕಾ, ಎಂಟನೇ ನಂಬರ್ ಅಂತೈತ್ರಿ ಮೊಬೈಲು,” ಎಂದ ನನ್ನ ಅಣ್ಣನ ಮಗ.

“ಮೊಬೈಲ್ ದಾದರ್ ನೋಡೈತೇನೋ?”

ಒಂದನೇ ನಂಬರಿಗೆ ಹೋದೆವು. ಗಾಡಿ ಬಂತು, ಹಿಂದಿನವರು ನಮ್ಮನ್ನೆಲ್ಲ ಒಳಗೆ ನೂಕಿದರು. ಅದು ಪಶ್ಚಿಮ ರೈಲ್ವೆಯ ಲೋಕಲ್ ಎಂದು ಹುಡುಗ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸ್ಟೇಶನ್ ಬಂದೇಬಿಟ್ಟಿತು. ಫಲಕದ ಮೇಲೆ ‘ಮಾಟುಂಗಾ ರೋಡ್’. ಕಾಕಾ ಅದನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿ ಇಳಿದರು. ಹಳಿ ದಾಟುವ ಸೇತುವೆ ಹಿಡಿದು ಬೆವರಿಳಿಸಿ ನಡೆದ ಮೇಲೆ ನಿಜವಾದ ಮಾಟುಂಗಾವೂ ಸಿಕ್ಕಿತು, ಖಾನಾವಳಿಯೂ ಸಿಕ್ಕಿತು. ಎಲೆಯ ಮುಂದೆ ಕೂತು ಕಾಕಾ ಕಿಸೆಯಿಂದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ಸಾರನ್ನದ ಮೇಲೆ ಉದುರಿಸಿಕೊಂಡರು.

ಊರಿಗೆ ಬಂದ ಮರುದಿನ ಕಟ್ಟೆಯ ಮೇಲೆ ಹೊಸ ಗಿರಾಕಿಗಳು. “ದಾದರದಾಗ ನಂಬರೆಲ್ಲಾ ಬದಲಿ ಮಾಡ್ಯಾರಪಾ,” ಕಾಕಾ ಹೇಳುತ್ತಿದ್ದರು, “ಗೊತ್ತಿಲ್ಲದವ ಹೋದ್ರ ಕೆಟ್ಟ. ಮಾಟುಂಗಾಕ್ಕ ಈಗ ಎರಡು ದಾರಿ. ಒಂದು ಮೊಬೈಲಿಗೂ ಗೊತ್ತೈತಿ.”